ಬಸ್ಸು ಬಾರದ ರಸ್ತೆಯಲ್ಲಿ ನಡೆದ ಚಳಿಗಾಲ

ಹೋದ ವಾರ ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬರುವ ಮಧ್ಯಾಹ್ನದ ಟ್ರಿಪ್ಪಿನಲ್ಲಿ, ಇನ್ನೇನು ಊರು ಬಂತು ಎನ್ನುವಾಗ, ಎಣ್ಣೆ ಮಿಲ್ಲುಗಳ ಕಡೆಯಿಂದ ಶೇಂಗಾ ಹಿಂಡಿಯ ಬಿಸಿ ವಾಸನೆ ಬಸ್ಸಿನೊಳಗೆ ನುಗ್ಗಿತು. ಮುಂದಿನ ಸೀಟಿನಲ್ಲಿದ್ದ ಹೊರಗಿನ ಊರಿನ ಹೆಂಗಸೊಬ್ಬರು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಏನ್ರೀ ಇದು ಇಷ್ಟು ಕಮಟು?" ಎಂದು ನನ್ನ ಮುಖ ನೋಡಿದರು. ನಾನಾದರೋ ಟಿಕೆಟ್ ಮಷಿನ್ನು ಕೈಯಲ್ಲಿ ಹಿಡಿದು, ಕಂಬಿಗೆ ಒರಗಿ, ಆ ವಾಸನೆಯನ್ನು ಹೊಟ್ಟೆಯ ತಳದವರೆಗೂ ಎಳೆದುಕೊಳ್ಳುತ್ತಿದ್ದೆ. ಬಲಗಡೆಯ ಪಕ್ಕೆಲುಬುಗಳು ಹಿಗ್ಗಿದವು. ಎಲ್ಲೂ ಚುಚ್ಚಲಿಲ್ಲ. ಬಸ್ಸಿನಲ್ಲಿದ್ದ ಉಳಿದವರೂ ಆ ಹೊತ್ತಿನಲ್ಲಿ ಉಸಿರಾಡುತ್ತಲೇ ಇದ್ದರು, ಆದರೆ ಅದು ಅವರ ಗಮನಕ್ಕೆ ಬಂದಿರಲಾರದು. ಎರಡು ವರ್ಷದ ಹಿಂದೆ ಇದೇ ವಾಸನೆಗೆ ಹೆದರಿ ಬಾಗಿಲು ಕಿಟಕಿ ಮುಚ್ಚಿಕೊಂಡು ಮಲಗಿದ್ದವಳು ನಾನು.

ನಾನು ಚಳ್ಳಕೆರೆ ಡಿಪೋದಲ್ಲಿ ಕಂಡಕ್ಟರ್. ಹೆಸರು ಓಬಮ್ಮ, ಬಸ್ಸಿನಲ್ಲಿ ಎಲ್ಲರಿಗೂ ಓಬಕ್ಕ. ತವರುಮನೆ, ಗಂಡನ ಮನೆ ಎರಡೂ ವರವು ಕಾವಲು ಎಂಬ ಹುಲ್ಲುಗಾವಲಿನ ಅಂಚಿನ ಹಟ್ಟಿಗಳಲ್ಲಿ. ನಮ್ಮದು ಕುರಿ ಸಾಕುವ ಮನೆತನ. ನಮ್ಮ ಮನೆಯವರು, ಬೋರಯ್ಯ, ಈಗಲೂ ಅಣ್ಣತಮ್ಮಂದಿರ ಜೊತೆ ಹಿಂಡು ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಮನೆ ಕಡೆ ಬರುವುದಿಲ್ಲ. ಕಾವಲಿಗೆ ಬೇಲಿ ಬಿದ್ದ ಮೇಲಂತೂ ಮೇವು ಹುಡುಕಿಕೊಂಡು ಇನ್ನೂ ದೂರ ಹೋಗಬೇಕು. ಮಗಳು ಹಾಸ್ಟೆಲಿನಲ್ಲಿ ಓದುತ್ತಾಳೆ. ಬೆಳಗಿನ ಮೊದಲ ಬಸ್ಸಿನ ಡ್ಯೂಟಿಗೆ ಅನುಕೂಲವಾಗಲೆಂದು ನಾನು ಊರೊಳಗೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಮನೆ ರಹಮತ್ ಸಾಬರದು. ಅವರು ಟ್ರ್ಯಾಕ್ಟರ್ ಮೆಕ್ಯಾನಿಕ್. ಮುಂದೆ ಗ್ಯಾರೇಜು, ಅದರ ಹಿಂದೆ ಅವರ ಮನೆ, ಮನೆಯ ಗೋಡೆಗೆ ಅಂಟಿಕೊಂಡು ನನ್ನ ಕೋಣೆ. ಅವರನ್ನು ನಾನು ಚಾಚಾ ಅನ್ನುತ್ತಿದ್ದೆ, ಅವರ ಹೆಂಡತಿ ಜುಬೇದಾರನ್ನು ಚಾಚಿ. ಮನೆಯೊಳಗೆ ಅವರದು ಉರ್ದು, ನನ್ನ ಜೊತೆ ಥೇಟ್ ನನ್ನದೇ ಕನ್ನಡ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಸಂಜೆ ಸಂಜೆ ಸಣ್ಣಗೆ ಜ್ವರ ಬರತೊಡಗಿತು. ಬಲಗಡೆ ಪಕ್ಕೆಯಲ್ಲಿ ಚುಚ್ಚು ನೋವು. ಜನರ ನಡುವೆ ನುಗ್ಗಿ ನುಗ್ಗಿ ಉಳುಕಿರಬೇಕು ಎಂದುಕೊಂಡು ಮುಲಾಮು ತಿಕ್ಕಿಕೊಂಡೆ. ಹೆಂಗಸರೇ ತುಂಬಿದ ನಮ್ಮ ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಹೋಗುವುದೆಂದರೆ ಹೊಳೆ ದಾಟಿದಂತೆ. ಅದನ್ನು ಹತ್ತು ವರ್ಷದಿಂದ ಮಾಡಿದ್ದೆ. ಒಂದು ದಿನ ತಳಕು ದಾಟಿದ ಮೇಲೆ ಬಸ್ಸಿನ ನಡುವೆ ನಿಂತು "ಟಿಕೆಟ್" ಎನ್ನಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಯಾರೋ ಎದೆಯ ಮೇಲೆ ಗೋಣಿಚೀಲ ಇಟ್ಟ ಹಾಗೆ. ಒಬ್ಬ ಅಜ್ಜಿ ತನ್ನ ಸೀಟು ಬಿಟ್ಟು ನನ್ನನ್ನು ಕೂರಿಸಿದಳು. ಡ್ರೈವರ್ ತಿಪ್ಪೇಸ್ವಾಮಿ ಬಸ್ಸು ಪಕ್ಕಕ್ಕೆ ಹಾಕಿ ಓಡಿ ಬಂದ.

"ಅಕ್ಕಾ, ತುಟಿ ಎಲ್ಲಾ ಕಪ್ಪಾಗ್ಯಾವೆ. ಇದು ಉಳುಕಲ್ಲ. ಸುಮ್ಕೆ ಕುಂತ್ಕಾ, ಆಸ್ಪತ್ರೆಗೆ ಬಿಡ್ತೀನಿ."

ಚಳ್ಳಕೆರೆಯಿಂದ ಚಿತ್ರದುರ್ಗಕ್ಕೆ ಕಳಿಸಿದರು. ಎಕ್ಸ್‌ರೇಯಲ್ಲಿ ನನ್ನ ಬಲಗಡೆಯ ಅರ್ಧ ಎದೆ ಬೆಳ್ಳಗೆ ಮುಚ್ಚಿಹೋಗಿತ್ತು. ಬೆನ್ನಿನಿಂದ ಸೂಜಿ ಹಾಕಿ ನೀರು ತೆಗೆದರು, ನೋಡಲು ಚಹಾದ ತಿಳಿಯಂತಿತ್ತು. ಹಿಂಡು ಬಿಟ್ಟು ಓಡಿ ಬಂದಿದ್ದ ಮನೆಯವರು ಆ ಬಾಟಲಿಯನ್ನು ನೋಡಿ ಗೋಡೆಗೆ ಕೈ ಕೊಟ್ಟು ನಿಂತುಬಿಟ್ಟರು.

"ಇದು ಟಿಬಿ ಕಣ್ರಮ್ಮ," ಎಂದರು ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದ ಡಾಕ್ಟರಮ್ಮ. "ಆದ್ರೆ ಶ್ವಾಸಕೋಶದ ಹೊದಿಕೆಗೆ ಬಂದಿರೋದು. ನಿಮ್ಮ ಕೆಮ್ಮಿನಿಂದ ಮನೆಯವರಿಗೆ ಹರಡುತ್ತೆ ಅನ್ನೋ ಭಯ ಬೇಡ. ಆರು ತಿಂಗಳು ಗುಳಿಗೆ ತಪ್ಪಿಸಬೇಡಿ. ಇನ್ನೊಂದು ಮಾತು, ನೀರು ತೆಗೆದಾಯ್ತು ಅಂತ ಮಲಗಿಬಿಟ್ರೆ ಒಳಗಿನ ಪದರಗಳು ಒಂದಕ್ಕೊಂದು ಅಂಟಿಕೊಳ್ತವೆ. ಆಮೇಲೆ ಉಸಿರು ಅಷ್ಟಕ್ಕೇ ನಿಂತುಹೋಗುತ್ತೆ. ಉಸಿರಾಟದ ವ್ಯಾಯಾಮ ಮಾಡಬೇಕು. ದಿನಾ ನಡೀಬೇಕು."

"ನಡಿಯಾಕಾಗಲ್ಲ ಅಂತ್ಲೇ ನಿಮ್ಮತ್ರ ಬಂದಿರೋದು ಮೇಡಂ," ಎಂದೆ.

ಅವರು ನಕ್ಕರು. ನನಗೆ ನಗು ಬರಲಿಲ್ಲ. ಕೈಗೊಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಅದರಲ್ಲಿ ಮೂರು ಕೊಳವೆ, ಮೂರು ಬಣ್ಣದ ಚೆಂಡು, ಬಾಯಿಗೆ ಇಟ್ಟುಕೊಳ್ಳಲು ಒಂದು ಪೈಪು. ನಾನು ಸೀಟಿ ಊದಿದ ಹಾಗೆ ಊದಿದೆ. "ಊದೋದಲ್ಲಮ್ಮ, ಒಳಗೆ ಎಳ್ಕೊಳ್ಳೋದು," ಎಂದರು. ಎಳೆದೆ. ಒಂದು ಚೆಂಡು ಸ್ವಲ್ಪ ಅಲುಗಾಡಿ ಸುಮ್ಮನಾಯಿತು. ಉಳಿದೆರಡು ನನ್ನನ್ನು ಗಮನಿಸಲೂ ಇಲ್ಲ.

ಕೆಲಸಕ್ಕೆ ವಾಪಸ್ಸಾಗಬೇಕಾದರೆ ಡಾಕ್ಟರ ಒಪ್ಪಿಗೆ ಬೇಕು. ಹೆಚ್ಚು ಹೊತ್ತು ನಿಲ್ಲಲಾಗದು ಎಂದಾದರೆ ಆಫೀಸಿನಲ್ಲಿ ಕೂರುವ ಕೆಲಸ ಕೇಳಬಹುದು ಎಂದು ಡಿಪೋದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದನ್ನು ಕೇಳಿ ನನಗೆ ಕಾಯಿಲೆಗಿಂತ ಹೆಚ್ಚು ಭಯವಾಯಿತು. ಹಟ್ಟಿಯ ಹುಡುಗಿ ನಾನು, ನಾಲ್ಕು ಗೋಡೆಯ ನಡುವೆ ಕುಳಿತು ಅಭ್ಯಾಸವಿಲ್ಲ. ನಮ್ಮ ದಾರಿಯ ಹಾನಗಲ್ಲಿನಲ್ಲಿ ಹತ್ತುವ ಹೂವಿನವರು, ಮೊಳಕಾಲ್ಮೂರಿನಲ್ಲಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಸೀಟಿಗಾಗಿ ಜಗಳವಾಡುವ ಅತ್ತೆ ಸೊಸೆಯರು, ಇವರೆಲ್ಲ ಇಲ್ಲದ ದಿನ ಹೇಗಿರುತ್ತದೆಂದು ಊಹಿಸಲೂ ಆಗಲಿಲ್ಲ. ಇಷ್ಟಿದ್ದ ಮೇಲೆ ಎದ್ದು ನಡೆಯಲು ಹುಮ್ಮಸ್ಸು ತಾನಾಗಿ ಬರಬೇಕಿತ್ತು. ಬರಲಿಲ್ಲ.

ಬೆಳಿಗ್ಗೆ ಖಾಲಿ ಹೊಟ್ಟೆಗೆ ಗುಳಿಗೆ ನುಂಗಿದರೆ ಮಧ್ಯಾಹ್ನದವರೆಗೆ ವಾಕರಿಕೆ. ಕೈಕಾಲು ಒದ್ದೆ ಬಟ್ಟೆಯಂತೆ ಜೋಲುತ್ತಿದ್ದವು. ಬಚ್ಚಲಿಗೆ ಹೋಗಿ ಬಂದರೆ ಮಂಚದ ತುದಿಯಲ್ಲಿ ಕುಳಿತು ಸುಧಾರಿಸಿಕೊಳ್ಳಬೇಕು. ಅದರ ಮೇಲೆ ಮಿಲ್ಲಿನ ಕಡೆ ಗಾಳಿ ತಿರುಗಿದಾಗಲೆಲ್ಲ ಹಿಂಡಿಯ ವಾಸನೆ ಗಂಟಲಿಗೆ ಬಂದು ಕೂರುತ್ತಿತ್ತು. ನೋಡಿಕೊಳ್ಳಲು ಹಟ್ಟಿಯಿಂದ ಅವ್ವ ಬಂದಿದ್ದಳು. ಡಬ್ಬಿ ಕಂಡರೆ ಅವಳಿಗೆ ಸಿಟ್ಟು.

"ಉಸ್ರೇ ಇಲ್ದೋಳಿಗೆ ಉಸ್ರು ಎಳಿ ಅಂತಾರಲ್ಲ, ಇವ್ರಿಗೇನು ಕರುಣೆ ಐತೆ? ಮಲಿಕ್ಕ ಮಗಾ. ಹಾಲು ತುಪ್ಪ ತಿಂದು ಮಲಿಕ್ಕಂಡ್ರೆ ತಾನೇ ಸರಿಯಾಗ್ತೈತೆ."

ನನಗೂ ಅದೇ ಮಾತು ಬೇಕಿತ್ತು. ಡಬ್ಬಿ ಮಂಚದ ಕೆಳಗೆ ಹೋಯಿತು. ದೀಪಾವಳಿಗೆ ಮನೆಯವರು ಬಂದಾಗ ತೋರಿಸಿಕೊಂಡು ಬರಲು ಆಸ್ಪತ್ರೆಗೆ ಹೋದೆವು. ವಾಪಸ್ಸು ಬಂದಾಗ ಆಟೋದಿಂದ ಕೋಣೆಯವರೆಗೆ ಅವರು ನನ್ನನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಬಂದರು. ಹಿಂಡಿನಲ್ಲಿ ಬಡಕಲು ಮರಿಯನ್ನು ಹೆಗಲಿಗೇರಿಸಿಕೊಳ್ಳುವಾಗ ಅವರ ಮುಖ ಹೇಗಿರುತ್ತದೆಂದು ನನಗೆ ಗೊತ್ತು. ಅದೇ ಮುಖ ಅವತ್ತೂ ಇತ್ತು. ನನ್ನನ್ನು ಮಲಗಿಸಿ ಕುರಿಹಿಂಡಿನ ಕಡೆ ಹೊರಟುಹೋದರು. ಸ್ವಲ್ಪ ದಿನಕ್ಕೆ ಶೇಂಗಾ ಕೀಳುವ ಕೆಲಸ ಬಂದು ಅವ್ವನೂ ಊರಿಗೆ ಹೋಗಬೇಕಾಯಿತು.

ನನ್ನ ಗೋಡೆಯ ಆ ಕಡೆ ಇನ್ನೊಬ್ಬ ರೋಗಿ ಇದ್ದರು. ರಹಮತ್ ಚಾಚಾಗೆ ಆ ಬೇಸಿಗೆಯಲ್ಲಿ ಎದೆನೋವು ಬಂದು ಸ್ಟೆಂಟ್ ಹಾಕಿಸಿದ್ದರು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಇಂಜಿನ್ನನ್ನು ಒಬ್ಬರೇ ಅಲುಗಾಡಿಸುತ್ತಿದ್ದ ಮನುಷ್ಯ ಈಗ ಗ್ಯಾರೇಜಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತರೆ ಏಳುತ್ತಿರಲಿಲ್ಲ. ನಡೆಯಿರಿ ಎಂದು ಅವರ ಡಾಕ್ಟರೂ ಹೇಳಿದ್ದರಂತೆ. "ಒಳಗೆ ಸ್ಪ್ರಿಂಗ್ ಇಟ್ಟವ್ರೆ. ಅದು ಜರುಗಿದ್ರೆ ಯಾರು ಹೊಣೆ?" ಎನ್ನುತ್ತಿದ್ದರು.

ಅವ್ವ ಹೋದ ಎರಡು ಮೂರು ದಿನಕ್ಕೆ ಜುಬೇದಾ ಚಾಚಿ ಗಂಜಿ ತಂದಿಟ್ಟು ನನ್ನ ಹತ್ತಿರ ಕುಳಿತು ದನಿ ತಗ್ಗಿಸಿದರು.

"ಓಬಮ್ಮ, ಒಂದು ಉಪಕಾರ ಮಾಡ್ತೀಯಾ? ನಿಮ್ಮ ಚಾಚಾ ನಾಳೆಯಿಂದ ಮಸೀದಿ ತಿರುವಿನ ತಂಕ ನಡೀತೀನಿ ಅಂದವ್ರೆ. ಒಬ್ರನ್ನೇ ಬಿಡಾಕೆ ನನಗೆ ಭಯ. ನೀನು ಸುಮ್ನೆ ಜೊತೆಗೆ ಹೋಗು. ನಿಂಗೋಸ್ಕರ ಅಲ್ಲಮ್ಮ, ಅವ್ರು ಬಿದ್ರೆ ಕೂಗಾಕೆ ಒಬ್ರು ಇರ್ಲಿ ಅಂತ."

ನಾನು ಇಲ್ಲ ಅನ್ನುವುದು ಹೇಗೆ? ಟಿಬಿ ಎಂದು ಕೇಳಿದ ದಿನ ಬಾಡಿಗೆದಾರಳನ್ನು ಖಾಲಿ ಮಾಡಿಸುವ ಮಾತೂ ಆಡದೆ, ತನ್ನ ಒಲೆಯಿಂದಲೇ ಗಂಜಿ ಕಳಿಸಿದ ಹೆಂಗಸು. ಮರುದಿನ ಬಿಸಿಲೇರಿದ ಮೇಲೆ, ಸ್ವೆಟರ್ ಹಾಕಿ ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದೆ. ಚಾಚಾ ಮಂಕಿ ಟೋಪಿ ಹಾಕಿಕೊಂಡು ನಿಂತಿದ್ದರು. ಇಬ್ಬರೂ ಹೊರಟೆವು. ನನಗೆ ಉಸಿರಿಲ್ಲ, ಅವರಿಗೆ ಧೈರ್ಯವಿಲ್ಲ. ಪಂಕ್ಚರ್ ಅಂಗಡಿ ದಾಟುವಷ್ಟರಲ್ಲಿ ನಾನು ಒಂದು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಅವರೂ ಪಕ್ಕದಲ್ಲಿ ಕುಳಿತರು.

"ಕುಂತ್ಕಳವ್ವ, ಕುಂತ್ಕಾ. ಅವಸರ ಏನಿಲ್ಲ," ಎಂದರು ಚಾಚಾ. "ಓಬಮ್ಮ ನಡಿಯಾಕೆ ಹೊಂಟವ್ಳೆ, ಒಬ್ಬಳೇ ಹೋದ್ರೆ ತಲೆ ತಿರುಗಿ ಬೀಳ್ತಾಳೆ, ಜೊತೆಗೆ ಹೋಗ್ರಿ ಅಂತ ನಿಮ್ಮ ಚಾಚಿ ಹೇಳಿದ್ಲು. ಇಲ್ಲಾಂದ್ರೆ ನಾನೆಲ್ಲಿ ಬರ್ತಿದ್ದೆ?"

ನಾನು ಅವರ ಮುಖ ನೋಡಿದೆ. "ಚಾಚಾ, ನಾನು ನಿಮಗೋಸ್ಕರ ಬಂದೀನಿ."

ಅವರು ಮಂಕಿ ಟೋಪಿ ಹಿಂದಕ್ಕೆ ಸರಿಸಿ ನನ್ನನ್ನೇ ನೋಡಿದರು. ಆಮೇಲೆ ಮನೆಯ ಕಡೆ ತಿರುಗಿ ನೋಡಿದರು. ಚಾಚಿ ಬಾಗಿಲಲ್ಲೇ ನಿಂತಿದ್ದವರು ಸರಕ್ಕನೆ ಒಳಗೆ ಹೋದರು. ಚಾಚಾ ನಗಲು ಶುರು ಮಾಡಿದರು. ನನಗೂ ನಗು ಬಂತು. ತಿಂಗಳುಗಳ ನಂತರ ಬಂದ ಆ ನಗು ಕೆಮ್ಮಿಗೆ ತಿರುಗಿ, ಪಕ್ಕೆ ಹಿಡಿದುಕೊಂಡು ಬಗ್ಗಿದೆ, ಕಣ್ಣಲ್ಲಿ ನೀರು ಬಂತು. ನೋವಾದರೂ ಎಲ್ಲೋ ಒಳಗೆ ಏನೋ ಬಿಚ್ಚಿಕೊಂಡ ಹಾಗಿತ್ತು.

ಗುಟ್ಟು ಬಯಲಾದ ಮೇಲೂ ನಾವು ಬಿಡಲಿಲ್ಲ. ಬಿಟ್ಟರೆ ಇನ್ನೊಬ್ಬರು ಕುಳಿತುಬಿಡುತ್ತಾರೆ ಎಂಬ ಸಂಕೋಚ ಇಬ್ಬರಿಗೂ ಇತ್ತು. ಆದರೆ ದೊಡ್ಡ ರಸ್ತೆಯಲ್ಲಿ ನಡೆಯಲು ಹೊರಟರೆ ಬೇರೆಯೇ ತೊಂದರೆ. ಚಳ್ಳಕೆರೆಯ ಬಸ್ಸುಗಳಿಗೆಲ್ಲ ನಾನು ಗೊತ್ತು, ಟ್ರ್ಯಾಕ್ಟರುಗಳಿಗೆಲ್ಲ ಚಾಚಾ ಗೊತ್ತು. ನಾಲ್ಕು ಹೆಜ್ಜೆ ಇಟ್ಟರೆ ಒಂದು ಬಸ್ಸು ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. "ಯಾಕಕ್ಕಾ ನಡೀತೀಯ? ಹತ್ತು, ಬಿಡ್ತೀನಿ." ಬೇಡವೆಂದರೆ ಕೇಳುವವರಿಲ್ಲ. ಬಸ್ಸು ಮುಂದೆ ಹೋದರೆ ಹಿಂದಿನಿಂದ ಟ್ರ್ಯಾಕ್ಟರ್. "ಸಾಬ್ರೆ, ಆರಾಮಿಲ್ದೋರು ನೀವು, ಕುಂತ್ಕಳ್ರಿ ಮೇಲೆ." ಒಂದು ದಿನ ತಿಪ್ಪೇಸ್ವಾಮಿ ಬಸ್ಸು ನಿಲ್ಲಿಸಿ, ತುಂಬಿದ ಬಸ್ಸಿನ ಜನರೆಲ್ಲ ಕಿಟಕಿಯಿಂದ ಇಣುಕುವ ಹಾಗೆ ಹಾರ್ನ್ ಹೊಡೆದೇ ಹೊಡೆದ. ನಮಗೂ ಸುಸ್ತಾಗಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಹತ್ತಿಬಿಟ್ಟೆವು. ಗ್ಯಾರೇಜಿನ ಮುಂದೆ ಇಳಿಯುವಾಗ ಜುಬೇದಾ ಚಾಚಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು.

"ವಾಹ್! ಇದೇನ್ರೀ ನಿಮ್ಮಿಬ್ರ ವಾಕಿಂಗು?"

"ಡ್ಯೂಟಿ ಮೇಲೆ ಹೋಗಿದ್ವಿ ಕಣೇ," ಎಂದರು ಚಾಚಾ.

ಅವತ್ತಿನಿಂದ ಬಸ್ಸು ಹೋಗದ ರಸ್ತೆ ಹುಡುಕಿದೆವು. ಅಂಥದ್ದು ಮಿಲ್ಲುಗಳ ಹಿಂದೆ ಇತ್ತು. ಹಿಂಡಿಯ ಗೋದಾಮು ದಾಟಿ, ಹೊಲಗಳ ನಡುವೆ ಹೋಗುವ ಮಣ್ಣಿನ ದಾರಿ. ಮೊದಲ ದಿನ ಗೋದಾಮಿನ ಹತ್ತಿರ ಬರುತ್ತಿದ್ದಂತೆ ಆ ವಾಸನೆ ತಡೆಯಲಾಗದೆ ಬೇಲಿಯ ಪಕ್ಕ ಕುಳಿತು ವಾಂತಿ ಮಾಡಿಕೊಂಡೆ. ಚಾಚಾ ದೂರ ನಿಂತು ಬೇರೆ ಕಡೆ ನೋಡುತ್ತಿದ್ದರು. ನಾನು ಬಾಯಿ ಒರೆಸಿಕೊಂಡು ಎದ್ದಾಗ, "ಇವತ್ತಿಗೆ ಇಷ್ಟು ಸಾಕು ಬೇಟಾ, ವಾಪಸ್ ಹೋಗಾನ," ಎಂದರಷ್ಟೇ. ಮರುದಿನ ಚಾಚಿ ಏಲಕ್ಕಿ ಕೊಟ್ಟು ಕಳಿಸಿದರು. ಅದನ್ನು ಬಾಯಲ್ಲಿಟ್ಟುಕೊಂಡು, ಉಸಿರು ಬಿಗಿಹಿಡಿಯಲೂ ಆಗದೆ ಎಳೆಯಲೂ ಆಗದೆ ಗೋದಾಮು ದಾಟಿದೆ.

ಆಚೆಗೆ ಬಯಲು. ತಣ್ಣನೆಯ ಗಾಳಿ, ಹಸಿಮಣ್ಣು ಮೆತ್ತಿಕೊಂಡ ಶೇಂಗಾ ಬಳ್ಳಿಗಳ ರಾಶಿ, ದೂರದ ಗುಡ್ಡಗಳ ಸಾಲಿನಲ್ಲಿ ನಿಧಾನಕ್ಕೆ ತಿರುಗುವ ಗಾಳಿಗಿರಣಿಗಳು. ಕಾಯಿ ಬಿಡಿಸಲು ಕುಳಿತ ಕೂಲಿಯ ಹೆಂಗಸರು ನನ್ನನ್ನು ಗುರುತಿಸಿ, "ಯಾಕ್ ಓಬಕ್ಕ, ಬಸ್ಸು ಬಿಟ್ಯಾ? ಇಳಿದೋಗೀಯ!" ಎಂದು ಕೂಗುತ್ತಿದ್ದರು. ಉತ್ತರ ಕೂಗಲು ಉಸಿರಿರಲಿಲ್ಲ. ಕೈ ಎತ್ತುತ್ತಿದ್ದೆ. ಹತ್ತಿರ ಹೋದರೆ ಮಡಿಲಿಗೆ ಹಸಿಕಾಯಿ ಸುರಿಯುತ್ತಿದ್ದರು.

ದಿನವೂ ಹೀಗೆ ಸಲೀಸಾಗಿ ಹೊರಟೆವು ಎಂದು ಹೇಳಿದರೆ ಸುಳ್ಳಾದೀತು. ಎಷ್ಟೋ ಬೆಳಿಗ್ಗೆ ಕಂಬಳಿಯಿಂದ ಕಾಲು ಹೊರಗಿಡಲೂ ಮನಸ್ಸಾಗುತ್ತಿರಲಿಲ್ಲ. ಅಂಥ ದಿನ ಜುಬೇದಾ ಚಾಚಿ ಬಂದು ಹಣೆ ಮುಟ್ಟಿ ನೋಡುತ್ತಿದ್ದರು. ಜ್ವರವಿದ್ದರೆ, "ಇವತ್ತು ಬ್ಯಾಡ, ಮಲಿಕ್ಕ," ಎಂದು ತಾವೇ ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು. ಜ್ವರವಿಲ್ಲದೆ ಬರೀ ಸುಸ್ತು ಎಂದರೆ ಅವರದು ಇನ್ನೊಂದು ಮಾತು.

"ನಡೀಬ್ಯಾಡಮ್ಮ. ಯಾರು ನಡಿ ಅಂದ್ರು? ಚಪ್ಲಿ ಹಾಕ್ಕಂಡು ಬಾಗ್ಲಲ್ಲಿ ಕುಂತ್ಕಾ. ಬಿಸ್ಲು ಬೀಳ್ತೈತೆ. ಅಷ್ಟೇ ಸಾಕು."

ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕೂರುತ್ತಿದ್ದೆ. ಆ ಕಡೆಯ ಕುರ್ಚಿಯಲ್ಲಿ ಚಾಚಾ ಕೂಡ ಬೂಟು ಹಾಕಿಕೊಂಡು ಸಪ್ಪೆ ಮುಖದಲ್ಲಿ ಕುಳಿತಿರುತ್ತಿದ್ದರು. ಸ್ವಲ್ಪ ಹೊತ್ತಿಗೆ ಬೇಸರವಾಗುತ್ತಿತ್ತು. "ಪಂಕ್ಚರ್ ಅಂಗಡಿ ತಂಕ?" ಎನ್ನುತ್ತಿದ್ದರು ಒಬ್ಬರು. ಅಂಗಡಿಯವರೆಗೆ ಹೋದ ಮೇಲೆ ಒಮ್ಮೊಮ್ಮೆ ತಿರುಗಿ ಬಂದದ್ದೂ ಉಂಟು. ಹೆಚ್ಚಿನ ಸಲ ಕಾಲು ತಾನಾಗಿ ಮುಂದಕ್ಕೆ ಹೋಗುತ್ತಿತ್ತು. ಮನಸ್ಸು ಬಂದ ಮೇಲೆ ನಡೆಯುತ್ತೇನೆ ಎಂದು ನಾನು ಮಂಚದ ಮೇಲೆ ಅಷ್ಟು ದಿನ ಕಾದಿದ್ದೆ. ಅದು ಬರುತ್ತಿದ್ದುದು ನಡೆಯಲು ಶುರುಮಾಡಿದ ಮೇಲೆ, ಅದೂ ಗೋದಾಮು ದಾಟಿದ ಮೇಲೆ.

ಡಬ್ಬಿಯೂ ಮಂಚದ ಕೆಳಗಿನಿಂದ ಹೊರಗೆ ಬಂತು. ಸಂಜೆ ನಾನು ಚೆಂಡು ಎಳೆಯುವಾಗ ಚಾಚಾ ಚಹಾ ಹಿಡಿದುಕೊಂಡು ಪಂದ್ಯ ನೋಡುವವರಂತೆ ಕೂರುತ್ತಿದ್ದರು. "ಎರಡ್ನೇದು ಎದ್ದೈತೆ! ಬಿಡಬ್ಯಾಡ, ಬಿಡಬ್ಯಾಡ!" ಮೂರನೆಯದು ಏಳುತ್ತಿರಲಿಲ್ಲ.

ಚಳಿ ಜೋರಾದ ಒಂದು ಬೆಳಿಗ್ಗೆ ನಡೆದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಚಾಚಿ ತಂಗಿಯ ಮನೆಗೆ ಹೋಗಿದ್ದರು. ಚಾಚಾ ಸಕ್ಕರೆಯ ಗುಳಿಗೆ ನುಂಗಿ, ತಿರುಗಿ ಬಂದ ಮೇಲೆ ತಿಂಡಿ ತಿಂದರಾಯಿತು ಎಂದು ಹೊರಟುಬಿಟ್ಟಿದ್ದರು. ಗೋದಾಮು ದಾಟಿ ಹೊಲಗಳ ನಡುವೆ ಬಹಳ ದೂರ ಹೋಗಿದ್ದೆವು. ಅವರ ಮಾತು ನಿಂತದ್ದು ಮೊದಲು ನನ್ನ ಗಮನಕ್ಕೆ ಬಂತು. ತಿರುಗಿ ನೋಡಿದರೆ ಅಂಥ ಚಳಿಯಲ್ಲೂ ಮುಖದ ತುಂಬ ಬೆವರು. ಬದುವಿನ ಮೇಲೆ ಕುಸಿದು ಎದೆಗೆ ಕೈ ಇಟ್ಟುಕೊಂಡರು.

"ಓಬಮ್ಮ, ಸ್ಪ್ರಿಂಗ್ ಜರುಗ್ತು ಕಣೇ," ಎಂದರು.

ಸುತ್ತ ಒಬ್ಬರೂ ಇಲ್ಲ. ಆ ಕಡೆಯ ಹೊಲಗಳಲ್ಲಿ ಕಾಯಿ ಕೀಳುವುದು ಮುಗಿದಿತ್ತು. ಅವಸರದಲ್ಲಿ ನನ್ನ ಫೋನು ಕೋಣೆಯಲ್ಲೇ ಉಳಿದಿತ್ತು, ಅವರದು ಗ್ಯಾರೇಜಿನಲ್ಲಿ. ಅವರನ್ನು ಒರಗಿಸಿ, ತಲೆಯ ಟವೆಲ್ ಬಿಚ್ಚಿ ಅವರ ಹೆಗಲಿಗೆ ಹೊದಿಸಿ, ನಾನು ಓಡಿದೆ. ಓಡುತ್ತಿದ್ದೇನೆ ಎಂಬುದು ಗೊತ್ತಾದದ್ದು ಅರ್ಧ ದಾರಿಯಲ್ಲಿ. ಎದೆಯೊಳಗೆ ಬೆಂಕಿ, ಪಕ್ಕೆ ಸೀಳಿದ ಹಾಗೆ ನೋವು, ಬಾಯಲ್ಲಿ ಕಬ್ಬಿಣದ ರುಚಿ. ಗೋದಾಮಿನ ಆಚೆ, ದೊಡ್ಡ ರಸ್ತೆಗೆ ಸೇರುವ ಕಡೆ ಒಂದು ಟ್ರ್ಯಾಕ್ಟರ್ ಹೋಗುತ್ತಿರುವುದು ಕಂಡಿತು. ಇನ್ನು ಸ್ವಲ್ಪದರಲ್ಲಿ ತಿರುವು ದಾಟಿಬಿಡುತ್ತದೆ. ನಿಂತು, ಇದ್ದಬದ್ದ ಗಾಳಿಯನ್ನೆಲ್ಲ ಒಳಗೆ ಎಳೆದುಕೊಂಡು ಕೂಗಿದೆ.

"ಹೋಲ್ಡಾನ್!"

ಬಸ್ಸು ನಿಲ್ಲಿಸುವ ಆ ಕೂಗು ಬಿಟ್ಟು ಬೇರೆ ಮಾತೇ ಬಾಯಿಗೆ ಬರಲಿಲ್ಲ. ಟ್ರ್ಯಾಕ್ಟರ್ ನಿಂತಿತು. ಇಂಜಿನ್ನಿನ ಸದ್ದಿನ ಮೇಲೆ ನನ್ನ ದನಿ ಓಡಿಸುವವನಿಗೆ ಕೇಳಿಸಿತ್ತು.

ಟ್ರೇಲರಿನಲ್ಲಿ ಹುಲ್ಲಿನ ಮೇಲೆ ಚಾಚಾನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆವು. ಅವರ ಕೈ ನನ್ನ ಕೈಯೊಳಗಿತ್ತು, ತಣ್ಣಗಿತ್ತು. ನಾನು ಏದುಸಿರು ಬಿಡುತ್ತಿದ್ದೆ, ಮಾತಾಡಲಾಗದೆ ಅವರ ಬೆರಳು ಒತ್ತುತ್ತಿದ್ದೆ. ಇಸಿಜಿ ತೆಗೆದರು. ರಕ್ತ ನೋಡಿದರು. ಡಾಕ್ಟರು ಹೊರಗೆ ಬಂದು ನನ್ನನ್ನು ಕರೆದರು.

"ಹೃದಯ ಚೆನ್ನಾಗೈತೆ. ಸಕ್ಕರೆ ಇಳಿದುಬಿಟ್ಟಿತ್ತು. ಗುಳಿಗೆ ತಗೊಂಡು ಖಾಲಿ ಹೊಟ್ಟೇಲಿ ಅಷ್ಟು ದೂರ ಯಾಕೆ ನಡೆಸಿದ್ರಿ? ಗ್ಲೂಕೋಸ್ ಕೊಟ್ಟೀವಿ, ಎದ್ದು ಕೂತವ್ರೆ, ನೋಡಿ."

ನಾನು ಅಲ್ಲೇ ಬೆಂಚಿನ ಮೇಲೆ ಕುಳಿತು ಗಟ್ಟಿಯಾಗಿ ಅತ್ತುಬಿಟ್ಟೆ. ಸುದ್ದಿ ತಿಳಿದು ಓಡಿ ಬಂದ ಚಾಚಿ ನಾನು ಅಳುವುದನ್ನು ನೋಡಿ ಬಾಗಿಲಲ್ಲೇ ಕುಸಿಯುವುದರಲ್ಲಿದ್ದರು. "ಏನಿಲ್ಲ ಚಾಚಿ, ಏನೂ ಆಗಿಲ್ಲ, ಚೆನ್ನಾಗವ್ರೆ," ಎಂದು ಹೇಳುವಷ್ಟರಲ್ಲಿ ಒಳಗಿಂದ ಚಾಚಾ ದನಿ ಕೇಳಿತು, ನರ್ಸಮ್ಮನಿಗೆ ಇನ್ನೊಂದು ಬಿಸ್ಕತ್ತು ಕೇಳುತ್ತಿದ್ದರು. ಚಾಚಿ ಕಣ್ಣು ಒರೆಸಿಕೊಂಡು ಒಳಗೆ ಹೋದರು. ಆಮೇಲೆ ಅವರಿಬ್ಬರ ಉರ್ದುವಿನಲ್ಲಿ ನನಗೆ ಅರ್ಥವಾದದ್ದು ಸ್ವಲ್ಪ, ಬೈಗುಳವೆಂಬುದು ಮಾತ್ರ ಸ್ಪಷ್ಟವಾಗಿತ್ತು.

ಆ ಘಟನೆಯ ನಂತರ ಚಾಚಾ ಇನ್ನು ಏಳುವುದಿಲ್ಲ ಎಂದುಕೊಂಡಿದ್ದೆ. ಕೆಲವು ದಿನ ಹಾಗೇ ಆಯಿತು. ನಾನೊಬ್ಬಳೇ ಹೊರಟೆ. ಒಬ್ಬಳೇ ನಡೆದರೆ ದಾರಿ ಉದ್ದವೆನಿಸುತ್ತಿತ್ತು. ಆದರೂ ಬಿಡಲಿಲ್ಲ. ಅಂದು ನನ್ನೊಳಗಿಂದ ಅಷ್ಟು ದೊಡ್ಡ ದನಿ ಹೊರಟದ್ದನ್ನು ನನ್ನ ಕಿವಿಯೇ ಕೇಳಿತ್ತು. ಒಳಗೆ ಅಷ್ಟು ಜಾಗವಿದೆ ಎಂದಾದ ಮೇಲೆ ಅದನ್ನು ಅಂಟಿಕೊಳ್ಳಲು ಬಿಡುವುದು ಹೇಗೆ? ಒಂದು ದಿನ ಗ್ಯಾರೇಜು ದಾಟುವಾಗ ಹಿಂದಿನಿಂದ ಕೂಗು ಕೇಳಿತು.

"ನಿಲ್ಲೇ ಓಬಮ್ಮ! ನನ್ ಹೃದಯ ಚೆನ್ನಾಗೈತೆ ಅಂತ ಡಾಕ್ಟ್ರೇ ಹೇಳವ್ರೆ. ಇನ್ನೇನು ನೆಪ ಹೇಳ್ಲಿ ನಿಮ್ಮ ಚಾಚಿಗೆ?"

ಮಂಕಿ ಟೋಪಿ, ಬೂಟು, ಎರಡೂ ಜೇಬಿನ ತುಂಬ ಬಿಸ್ಕತ್ತು. ಎದೆಯೊಳಗಿನ ಸ್ಪ್ರಿಂಗು ಅಷ್ಟು ಸುಲಭಕ್ಕೆ ಜರುಗುವಂಥದಲ್ಲ ಎಂದು ಆ ಹೆದರಿಕೆಯೇ ಅವರಿಗೆ ತೋರಿಸಿಕೊಟ್ಟಿತ್ತು. ಸಂಕ್ರಾಂತಿಯ ಹೊತ್ತಿಗೆ ಅವರು ಮುಂದೆ, ನಾನು ಹಿಂದೆ.

ಜನವರಿ ಮುಗಿಯುವಾಗ ಮತ್ತೆ ಎಕ್ಸ್‌ರೇ ತೆಗೆಸಿದೆ. ಡಾಕ್ಟರಮ್ಮ ಹಳೆಯದನ್ನೂ ಹೊಸದನ್ನೂ ಬೆಳಕಿಗೆ ಹಿಡಿದು ಪಕ್ಕಪಕ್ಕದಲ್ಲಿ ತೋರಿಸಿದರು. ಬಿಳಿಯ ಮಬ್ಬು ಹೋಗಿ ಬಲಗಡೆಯೂ ಎಡಗಡೆಯಂತೆ ಕಪ್ಪಗಿತ್ತು. ಕೆಳಗಿನ ಮೂಲೆಯಲ್ಲಿ ಸಣ್ಣ ಗುರುತು ಉಳಿದಿತ್ತು. "ಇದು ಇದ್ರೂ ಪರವಾಗಿಲ್ಲ. ಗುಳಿಗೆ ಮುಗಿಸಿ. ಡ್ಯೂಟಿಗೆ ಹೋಗ್ತೀರಾ?" ಎಂದು ಕೇಳಿದರು. ಇದಕ್ಕಾಗಿ ಅಷ್ಟು ದಿನ ಕಾದಿದ್ದವಳು ನಾನು, ಅವರ ಮಾತು ಮುಗಿಯುವ ಮೊದಲೇ ಹೂಂ ಎಂದುಬಿಟ್ಟೆ.

ಫೆಬ್ರವರಿಯಲ್ಲಿ ಡ್ಯೂಟಿಗೆ ಸೇರಿದೆ. ತಿಪ್ಪೇಸ್ವಾಮಿ ಮೊದಲ ಟ್ರಿಪ್ಪನ್ನು ಮದುವೆ ದಿಬ್ಬಣದ ಬಸ್ಸಿನಷ್ಟು ನಿಧಾನಕ್ಕೆ ಓಡಿಸಿದ. "ಹಿಂಗೆ ಓಡ್ಸಿದ್ರೆ ನಾನು ನಡ್ಕಂಡೇ ಮೊಳಕಾಲ್ಮೂರು ಸೇರ್ತೀನಿ," ಎಂದ ಮೇಲೆ ಸರಿಹೋದ.

ಆ ವಾರದ ರಜೆಗೆ ಮನೆಯವರನ್ನು ನೋಡಲು ಹೊರಟೆ. ಪರಶುರಾಂಪುರದ ಕಡೆ, ಶೇಂಗಾ ಕಿತ್ತ ಹೊಲವೊಂದರಲ್ಲಿ ಹಿಂಡು ತರುಬಿ ನಿಲ್ಲಿಸಿದ್ದರು. ಗೊಬ್ಬರಕ್ಕೆಂದು ಹೊಲದವರು ಕರೆದಿದ್ದರು. ರಸ್ತೆಯಿಂದ ಹೊಲ ದೂರ, ಬೈಕು ಕಳಿಸುತ್ತೇನೆ, ಬಸ್ಸಿಳಿದು ನಿಂತಿರು ಎಂದು ಫೋನಿನಲ್ಲಿ ಹೇಳಿದ್ದರು. ಬಸ್ಸಿಳಿದೆ. ಬೈಕು ಬಂದಿರಲಿಲ್ಲ. ಸ್ವಲ್ಪ ಹೊತ್ತು ನಿಂತು, ಬಂಡಿ ದಾರಿ ಹಿಡಿದೆ.

ದೂರದಿಂದ ಹಿಂಡು ಕಂಡಿತು. ಕಂಬಳಿ ಹೊದ್ದು ಕೋಲೂರಿ ನಿಂತಿದ್ದ ಮನೆಯವರು ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದರು. ನಾಯಿ ಬೊಗಳಿತು.

"ಯಾರವ್ವಾ ಅದು? ಆ ಕಡೆಯಿಂದ ಬಾ, ನಾಯಿ ಐತೆ!"

"ನಾನು," ಎಂದೆ.

ಅವರು ನನ್ನನ್ನು ನೋಡಿದರು, ನನ್ನ ಹಿಂದಿನ ಖಾಲಿ ದಾರಿಯನ್ನು ನೋಡಿದರು. "ಬೈಕು?"

"ಬರ್ಲಿಲ್ಲ. ನಡ್ಕಂಡ್ ಬಂದೆ."

ಬೈಯುತ್ತಾರೆ ಎಂದುಕೊಂಡೆ. ಅವರು ಕಂಬಳಿ ತೆಗೆದು ಬದುವಿನ ಮೇಲೆ ಹಾಸಿ, "ಕುಂತ್ಕಾ," ಎಂದರು. ಆಮೇಲೆ ಬಹಳ ಹೊತ್ತು ನನ್ನ ಉಸಿರಾಟವನ್ನೇ ನೋಡುತ್ತ ಪಕ್ಕದಲ್ಲಿ ಕುಳಿತಿದ್ದರು. ಕುರಿಹಾಲು ಹಾಕಿದ ಚಹಾ ಕಾಸಿದರು. ಬುತ್ತಿ ಬಿಚ್ಚಿ ಇಬ್ಬರೂ ಉಂಡೆವು.

ಸಂಜೆಯ ಬಸ್ಸಿಗೆ ನಾನು ಎದ್ದಾಗ ರಸ್ತೆಯವರೆಗೆ ತಾವೂ ಬರುತ್ತೇನೆಂದು ಹೊರಟರು. ಮೊದಮೊದಲು ನಾಲ್ಕು ಹೆಜ್ಜೆಗೊಮ್ಮೆ ನಿಂತು, "ಸುಸ್ತಾತೇನು? ಕುಂದ್ರಾನಾ?" ಎಂದು ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಆಮೇಲೆ ಮಾತು ಹಿಡಿಯಿತು. ತೋಳ ಬಂದು ಒಂದು ಮರಿ ಹೊತ್ತುಕೊಂಡು ಹೋದದ್ದು, ಅಣ್ಣ ಹೇಳದೆ ಕೇಳದೆ ಟಗರು ಮಾರಿದ್ದು, ಮಗಳು ಫೋನಿನಲ್ಲಿ ಗಣಿತ ಬರುವುದಿಲ್ಲ ಎಂದು ಅತ್ತದ್ದು. ತಿಂಗಳುಗಳಿಂದ ನನ್ನ ಹತ್ತಿರ ಹೇಳದೆ ಉಳಿಸಿಕೊಂಡಿದ್ದ ಮಾತುಗಳು ಒಂದರ ಹಿಂದೊಂದು ಬಂದವು. ಮಾತಿನ ಭರದಲ್ಲಿ ಅವರ ನಡಿಗೆ ಎಂದಿನ ವೇಗಕ್ಕೆ ತಿರುಗಿತು. ಹಿಂಡಿನ ಹಿಂದೆ ನಡೆದು ಬೆಳೆದ ಕಾಲುಗಳು ಅವು, ಹಟ್ಟಿಯಲ್ಲಿ ಅವರ ಸಮಕ್ಕೆ ನಡೆಯುವವರು ಕಡಿಮೆ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಜ್ಜೆ ಹಾಕಿದೆ. ಸ್ವಲ್ಪ ಏದುಸಿರು ಬಂತು. ನಿಧಾನ ಎಂದು ಹೇಳಬಹುದಿತ್ತು. ಹೇಳಲಿಲ್ಲ. ನಾನು ಕಾಯಿಲೆಯವಳು ಎಂಬುದು ಅವರಿಗೆ ಮರೆತೇಹೋಗಿತ್ತು.